ಸೆರೆಮನೆಯ ದುಡಿಮೆ: ಬಿಟ್ಟಿಯೋ, ಕೂಲಿಯೋ?

ಕಳೆದ ಶ್ರಾವಣದ ಒಂದು ಸಂಜೆ. ಶಾಲೆಯಿಂದ ಬಂದು, ಕೈಕಾಲು ತೊಳೆದು, ರೇಡಿಯೋದ ಕಿವಿ ತಿರುವಿ ಕಟ್ಟೆಯ ಮೇಲೆ ಕುಳಿತಿದ್ದೆ. ನಮ್ಮ ಓಣಿಯ ಒಬ್ಬ ಮುದುಕಿ ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡು ಬಂದು ಮೆಟ್ಟಿಲ ಬಳಿ ನಿಂತಳು. ಆಕೆಯ ಮಗ ನನ್ನ ಶಿಷ್ಯ. ವ್ಯಾಕರಣ ತಲೆಗೆ ಹತ್ತದಿದ್ದರೂ ಅಕ್ಷರ ಮಾತ್ರ ಮುತ್ತಿನಂತೆ ಬರೆಯುತ್ತಿದ್ದ ಹುಡುಗ. ಹೊಲದ ಬದುವಿನ ಜಗಳದಲ್ಲಿ ಕೈ ಮಿಂಚಿ, ಇದೇ ಊರಿನ ಇನ್ನೊಬ್ಬನ ಜೀವ ಹೋಯಿತು. ನ್ಯಾಯಾಲಯ ಹತ್ತು ವರ್ಷದ ಕಠಿಣ ಶಿಕ್ಷೆ ವಿಧಿಸಿತು. ಈಗ ಬೆಳಗಾವಿಯ ಹಿಂಡಲಗಾದಲ್ಲಿದ್ದಾನೆ.

ಮುದುಕಿ ಸೆರಗು ಬಿಚ್ಚಿ ಬ್ಯಾಂಕಿನ ಪಾಸ್‌ಬುಕ್ಕನ್ನೂ ಒಂದು ಕಾಗದವನ್ನೂ ಮುಂದಿಟ್ಟಳು. ಮಗ ಮಗ್ಗದ ಕೆಲಸ ಕಲಿತಿದ್ದಾನೆ, ಕೂಲಿ ಸಿಗುತ್ತಿದೆ, ಅದರಲ್ಲಿ ಆರು ಸಾವಿರ ರೂಪಾಯಿ ತಾಯಿಯ ಖಾತೆಗೆ ಕಳಿಸಿದ್ದಾನೆ ಎಂಬುದು ಕಾಗದದ ಒಕ್ಕಣೆ. ಓದಿ ಹೇಳಿದೆ. ಆಕೆ ಹಿಗ್ಗಲಿಲ್ಲ. “ಮಾಸ್ತರ, ಈ ರೊಕ್ಕ ಮುಟ್ಟಬೇಕೋ ಬ್ಯಾಡೋ ಹೇಳ್ರಿ. ತಪ್ಪು ಮಾಡಿ ಒಳಗ ಹೋದಾಂವಗ ಸರ್ಕಾರ ಪಗಾರ ಯಾಕ ಕೊಡ್ತೈತಿ? ನಾಳೆ ಯಾರರ ಬಂದು ತಿರುಗಿ ಕೊಡು ಅಂದರ?” ಎಂದಳು. ಆಮೇಲೆ ದನಿ ತಗ್ಗಿಸಿ, “ಆ ಸತ್ತಾಂವನ ಹೇಣ್ತಿ ಕಣ್ಮುಂದ ಓಡ್ಯಾಡತಾಳ. ನಾ ಈ ರೊಕ್ಕದಾಗ ಜ್ವಾಳ ತಂದರ ಆಕಿಗೆ ಏನನ್ನಸೂದಿಲ್ಲ?” ಎಂದು ಕೇಳಿದಳು.

ಮೊದಲನೆಯ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿದೆ ಎಂದು ನನಗೆ ಗೊತ್ತಿತ್ತು. ಎರಡನೆಯದಕ್ಕೂ ಕಾನೂನು ಸ್ವಲ್ಪ ಯೋಚಿಸಿದೆ ಎಂಬುದು ಆಮೇಲೆ ಪುಸ್ತಕ ತಿರುವಿದಾಗ ತಿಳಿಯಿತು. ಸೆರೆಮನೆಯೊಳಗಿನ ದುಡಿಮೆ ಎಂದರೇನು, ಅಲ್ಲಿ ಇರುವವನ ಹಕ್ಕುಗಳೇನು, ಕರ್ತವ್ಯಗಳೇನು ಎಂಬುದನ್ನು ಬಾನುಲಿಯ ಬಳಗದ ಮನೆಮಂದಿಗೆಲ್ಲ ತಿಳಿಯುವ ಹಾಗೆ ವಿವರಿಸುವುದು ಈ ಬರಹದ ಉದ್ದೇಶ.

ಮೊದಲು ಶಬ್ದಗಳ ವಿಚಾರ. ಪಂಡಿತನ ಚಟ ಎಂದು ಓದುಗರು ಕ್ಷಮಿಸಬೇಕು. ಆದರೆ ಶಬ್ದದಲ್ಲಿಯೇ ಅರ್ಧ ಇತಿಹಾಸ ಅಡಗಿರುತ್ತದೆ. ಕಾರಾಗೃಹ ಸಂಸ್ಕೃತದ್ದು, ಬಂದೀಖಾನೆಯ ಬಾಲ ಪಾರಸಿಯದು, ಜೈಲು ಇಂಗ್ಲಿಷಿನದು. ನಮ್ಮ ಕಡೆ ಹಿರಿಯರು ಹೇಳುವ ‘ತುರಂಗ’ ಮರಾಠಿಯ ಮೂಲಕ ಬಂದುದು. ಅದರ ಮೂಲ ಪೋರ್ತುಗೀಜರ ಭಾಷೆಯಲ್ಲಿದೆಯೆಂದು ಬಲ್ಲವರು ಹೇಳುತ್ತಾರೆ. ಇವುಗಳ ನಡುವೆ ‘ಸೆರೆ’ ಎಂಬುದೊಂದೇ ಅಚ್ಚ ಕನ್ನಡದ ಮಾತು. ಇನ್ನು ಕೂಲಿಯಿಲ್ಲದ ದುಡಿಮೆಗೆ ನಾವು ‘ಬಿಟ್ಟಿ’ ಎನ್ನುತ್ತೇವೆ. ಅದು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಅರಸು ಪ್ರಜೆಗಳಿಂದ ಒತ್ತಾಯವಾಗಿ ಮಾಡಿಸಿಕೊಳ್ಳುತ್ತಿದ್ದ ಸೇವೆಗೆ ಆ ಹೆಸರು. ಬಿಟ್ಟಿಗೂ ಕೂಲಿಗೂ ಇರುವ ಅಂತರವೇ ಈ ಬರಹದ ತಿರುಳು.

ಅಪರಾಧಿಯಿಂದ ದುಡಿಸಿಕೊಳ್ಳುವ ಪದ್ಧತಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅರಸನ ಹೊಲಗಳನ್ನು ನೋಡಿಕೊಳ್ಳುವ ಸೀತಾಧ್ಯಕ್ಷನೆಂಬ ಅಧಿಕಾರಿ ಬರುತ್ತಾನೆ. ದಾಸರಿಂದ, ಕೂಲಿಯಾಳುಗಳಿಂದ, ‘ದಂಡಪ್ರತಿಕರ್ತೃ’ಗಳಿಂದ ಅವನು ಬಿತ್ತನೆ ಮಾಡಿಸಬೇಕು. ದಂಡ ಕೊಡಲು ಹಣವಿಲ್ಲದೆ ಅದನ್ನು ದುಡಿದು ತೀರಿಸುವವನೇ ದಂಡಪ್ರತಿಕರ್ತೃ. ಅದೇ ಗ್ರಂಥದಲ್ಲಿ ಅರಸನ ಜನ್ಮನಕ್ಷತ್ರದ ದಿನ ಮತ್ತು ಹುಣ್ಣಿಮೆಗಳಲ್ಲಿ ಬಾಲಕರು, ವೃದ್ಧರು, ರೋಗಿಗಳು, ಅನಾಥರು ಇವರನ್ನು ಸೆರೆಯಿಂದ ಬಿಡಬೇಕೆಂದೂ ಹೇಳಿದೆ. ಸನ್ನಡತೆಯ ಕೈದಿಗಳನ್ನು ಅವಧಿಗೆ ಮುನ್ನ ಬಿಡುಗಡೆ ಮಾಡುವ ಇಂದಿನ ಪದ್ಧತಿ ತೀರ ಹೊಸದೇನಲ್ಲ.

ಬ್ರಿಟಿಷರ ಕಾಲಕ್ಕೆ ಬಂದರೆ ದುಡಿಮೆಯ ಅರ್ಥವೇ ಬೇರೆಯಾಯಿತು. ಮೆಕಾಲೆ ಸದಸ್ಯನಾಗಿದ್ದ ಬಂದೀಖಾನೆ ಶಿಸ್ತಿನ ಸಮಿತಿ 1838ರಲ್ಲಿ ವರದಿ ಕೊಟ್ಟಿತು. ಕೈದಿಗೆ ವಿದ್ಯೆ, ಬಹುಮಾನ, ಪ್ರೋತ್ಸಾಹ ಯಾವುದೂ ಬೇಡ. ಬೇಸರ ಹುಟ್ಟಿಸುವ, ಒಂದೇ ತೆರನಾದ ಕಷ್ಟದ ಕೆಲಸ ಕೊಡಬೇಕು ಎಂಬುದು ಅದರ ಅಭಿಪ್ರಾಯ. ಇಂಗ್ಲೆಂಡಿನಲ್ಲಿಯೇ ಆಗ ಕೈದಿಗಳು ದೊಡ್ಡ ಗಾಲಿಯ ಮೆಟ್ಟಿಲುಗಳನ್ನು ದಿನವಿಡೀ ತುಳಿಯುತ್ತಿದ್ದರು. ಅನೇಕ ವೇಳೆ ಆ ಗಾಲಿ ಹಿಟ್ಟು ಬೀಸುತ್ತಲೂ ಇರಲಿಲ್ಲ, ನೀರು ಎತ್ತುತ್ತಲೂ ಇರಲಿಲ್ಲ, ಬರಿದೇ ತಿರುಗುತ್ತಿತ್ತು. ಅಂಡಮಾನಿನ ಸೆಲ್ಯುಲರ್ ಜೈಲಿನಲ್ಲಿ ಎತ್ತು ಎಳೆಯಬೇಕಾದ ಎಣ್ಣೆಯ ಗಾಣಕ್ಕೆ ಮನುಷ್ಯರನ್ನು ಹೂಡಿದ್ದು ಎಲ್ಲರೂ ಬಲ್ಲ ಸಂಗತಿ.

ಹಾಗೆಂದು ಆ ಕಾಲದ ದುಡಿಮೆಯೆಲ್ಲ ವ್ಯರ್ಥವಾಗಿತ್ತೆಂದಲ್ಲ. ವಿಕ್ಟೋರಿಯಾ ರಾಣಿಗಾಗಿ ಆಗ್ರಾ ಸೆರೆಮನೆಯ ಕೈದಿಗಳು ನೇಯ್ದ ಬೃಹತ್ ರತ್ನಗಂಬಳಿ ವಿಂಡ್ಸರ್ ಅರಮನೆಯ ದೊಡ್ಡ ದಿವಾನಖಾನೆಗೆ ಹಾಸಾಯಿತು. ನೋಡಿದವರು ನೇಯ್ಗೆಯನ್ನು ಹೊಗಳಿದರು. ನೇಯ್ದವರ ಹೆಸರು ಯಾರೂ ಕೇಳಲಿಲ್ಲ.

ನಮ್ಮ ಊರಿನವರಿಗೆ ಸೆರೆಮನೆ ಎಂಬ ಮಾತಿನಲ್ಲಿ ಕೇವಲ ನಾಚಿಕೆಯಿಲ್ಲ, ಅಭಿಮಾನವೂ ಉಂಟು. ಹೊಸರಿತ್ತಿಯಲ್ಲಿ 1906ರಲ್ಲಿ ಹುಟ್ಟಿದ ಗುದ್ಲೆಪ್ಪ ಹಳ್ಳಿಕೇರಿಯವರು ಸ್ವಾತಂತ್ರ್ಯಕ್ಕಾಗಿ ಸೆರೆವಾಸ ಅನುಭವಿಸಿದವರು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ, ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ, ಗಾಂಧೀಜಿಯವರೊಡನೆ ದಂಡಿಗೆ ನಡೆದು ಸೆರೆ ಸೇರಿದವರು. 1943ರ ಏಪ್ರಿಲ್ 1ರಂದು ಇದೇ ಹೊಸರಿತ್ತಿಯ ವೀರಭದ್ರ ದೇವರ ಗುಡಿಯಲ್ಲಿ ಸರ್ಕಾರ ಇರಿಸಿದ್ದ ಕಂದಾಯದ ಹಣಕ್ಕೆ ಮುತ್ತಿಗೆ ಹಾಕಿದಾಗ ಪೊಲೀಸರ ಗುಂಡಿಗೆ ಬಲಿಯಾದರು. ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಎಂಬ ಇಬ್ಬರು ಸಂಗಾತಿಗಳೂ ಅಂದು ಅವರೊಡನೆ ಪ್ರಾಣ ತೆತ್ತರು. ವರ್ಷಕ್ಕೊಮ್ಮೆ ಮಕ್ಕಳಿಗೆ ಈ ಕಥೆ ಹೇಳುವಾಗ, “ಗುರುಗಳೇ, ಒಳ್ಳೆಯವರನ್ನು ಯಾಕೆ ಜೈಲಿಗೆ ಹಾಕಿದರು?” ಎಂದು ಯಾವನಾದರೂ ಒಬ್ಬ ಹುಡುಗ ಕೇಳಿಯೇ ಕೇಳುತ್ತಾನೆ.

ಅಂಥವರು ಒಳಗೆ ಹೋದುದರಿಂದ ಒಂದು ಲಾಭವಾಯಿತು. ಓದು ಬರಹ ಬಲ್ಲವರು ಸೆರೆಮನೆಯ ಒಳಭಾಗವನ್ನು ಕಣ್ಣಾರೆ ಕಂಡರು, ಹೊರಗೆ ಬಂದು ಹೇಳಿದರು. ಲಾಹೋರಿನ ಸೆರೆಮನೆಯಲ್ಲಿ ಮನುಷ್ಯರಂತೆ ನಡೆಸಿಕೊಳ್ಳಿರೆಂದು ಕೇಳಿ 63 ದಿನ ಉಪವಾಸ ಮಾಡಿ, 1929ರ ಸೆಪ್ಟೆಂಬರ್ 13ರಂದು ಜತೀಂದ್ರನಾಥ ದಾಸ್ ಪ್ರಾಣಬಿಟ್ಟಾಗ ದೇಶವೇ ಕಣ್ಣೀರಿಟ್ಟಿತು. ಗಾಂಧೀಜಿ ಯರವಡಾ ಸೆರೆಮನೆಯನ್ನು ‘ಮಂದಿರ’ವೆಂದು ಕರೆದು ಅಲ್ಲಿ ನೂಲು ತೆಗೆದರು. ಅದಕ್ಕೂ ಮೊದಲು ದಕ್ಷಿಣ ಆಫ್ರಿಕದ ಸೆರೆಯಲ್ಲಿ ತಾವೇ ಹೊಲಿದ ಒಂದು ಜೊತೆ ಚಪ್ಪಲಿಯನ್ನು, ತಮ್ಮನ್ನು ಸೆರೆಗೆ ಕಳಿಸಿದ ಜನರಲ್ ಸ್ಮಟ್ಸ್ ಅವರಿಗೆ 1914ರಲ್ಲಿ ಕಾಣಿಕೆಯಾಗಿ ಕೊಟ್ಟರು. ಅದನ್ನು ಅನೇಕ ಬೇಸಗೆ ಮೆಟ್ಟಿದ ಸ್ಮಟ್ಸ್, 1939ರಲ್ಲಿ ಗಾಂಧೀಜಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಹಿಂದಿರುಗಿಸಿದರು. ಸೆರೆಮನೆಯ ದುಡಿಮೆ ಸೇಡಿನದಾಗಬೇಕಿಲ್ಲ, ಮನುಷ್ಯನಿಂದ ಮನುಷ್ಯನಿಗೆ ಸಲ್ಲುವ ವಸ್ತುವಾಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕೆ?

ಈಗ ಕಾನೂನಿಗೆ ಬರೋಣ. 1860ರ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಎರಡರಲ್ಲಿಯೂ ಸೆರೆವಾಸ ಎರಡು ಬಗೆ: ಕಠಿಣ ಮತ್ತು ಸಾದಾ. ಕಠಿಣ ಸೆರೆವಾಸವೆಂದರೆ ಕಷ್ಟದ ದುಡಿಮೆ ಕೂಡಿದ ಶಿಕ್ಷೆ. ಆಜೀವ ಸೆರೆವಾಸವೂ ಕಠಿಣದ ಸಾಲಿಗೇ ಸೇರುತ್ತದೆ. ನಮ್ಮ ಜನರಲ್ಲಿ ಒಂದು ನಂಬಿಕೆಯುಂಟು: ಸೆರೆಮನೆಯಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನ, ಆದುದರಿಂದ ಹದಿನಾಲ್ಕು ವರ್ಷ ಏಳಕ್ಕೇ ಮುಗಿಯುತ್ತದೆ ಎಂದು. ಇದು ಶುದ್ಧ ಸುಳ್ಳು. ಆಜೀವವೆಂದರೆ ಜೀವ ಇರುವವರೆಗೆ. ಹದಿನಾಲ್ಕು ವರ್ಷ ಎಂಬುದು, ಮರಣದಂಡನೆಗೂ ಅರ್ಹವಾದ ಅಪರಾಧಗಳಲ್ಲಿ ಅದಕ್ಕೆ ಮೊದಲು ಸರ್ಕಾರ ಬಿಡುಗಡೆ ಮಾಡಬಾರದೆಂಬ ಗಡಿಯೇ ಹೊರತು ಶಿಕ್ಷೆಯ ಅಳತೆಯಲ್ಲ.

ದುಡಿಯಲೇಬೇಕಾದವರು ಯಾರು? ಕಠಿಣ ಶಿಕ್ಷೆಯಾದವರು ಮಾತ್ರ. ಸಾದಾ ಶಿಕ್ಷೆಯವನು ತಾನಾಗಿ ಕೇಳಿದರೆ ಕೆಲಸ ಕೊಡಬೇಕು, ಕೇಳದಿದ್ದರೆ ಒತ್ತಾಯಿಸುವಂತಿಲ್ಲ. ವಿಚಾರಣೆ ಇನ್ನೂ ಮುಗಿಯದವನನ್ನು ನ್ಯಾಯಾಲಯ ಅಪರಾಧಿಯೆಂದು ಹೇಳಿಯೇ ಇಲ್ಲವಷ್ಟೆ. ಅವನ ಮೇಲೂ ದುಡಿಮೆಯ ಒತ್ತಾಯವಿಲ್ಲ. ಹಾವೇರಿಯ ಹತ್ತಿರ ಕೆರಿಮತ್ತಿಹಳ್ಳಿಯಲ್ಲಿರುವ ಜಿಲ್ಲಾ ಕಾರಾಗೃಹದಂಥ ಕಡೆ ಇರುವವರನ್ನೆಲ್ಲ ‘ಕೈದಿ’ ಎಂದು ಒಂದೇ ಮಾತಿನಲ್ಲಿ ಕರೆದುಬಿಡುತ್ತೇವೆ. ಆದರೆ ವಿಚಾರಣಾಧೀನನೂ ಶಿಕ್ಷಿತನೂ ಕಾನೂನಿನ ಕಣ್ಣಿಗೆ ಒಂದೇ ಅಲ್ಲ. ದೀರ್ಘ ಶಿಕ್ಷೆಯವರನ್ನು ಬೆಳಗಾವಿ, ಧಾರವಾಡ, ಬಳ್ಳಾರಿಯಂಥ ಕೇಂದ್ರ ಕಾರಾಗೃಹಗಳಿಗೆ ಕಳಿಸುವುದು ರೂಢಿ.

ದುಡಿಮೆಗೂ ಒಂದು ಅಳತೆ ಇದೆ. 1894ರ ಬಂದೀಖಾನೆಗಳ ಕಾಯಿದೆ ಪರಕೀಯರು ಮಾಡಿದ್ದಾದರೂ ಕೆಲವು ವಿಷಯಗಳಲ್ಲಿ ಖಚಿತವಾಗಿದೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಕೂಡದು. ತುರ್ತಿನ ಸಂದರ್ಭದಲ್ಲಿ ಮೀರಬೇಕಾದರೆ ಅಧೀಕ್ಷಕರು ಬರವಣಿಗೆಯಲ್ಲಿ ಅನುಮತಿ ಕೊಡಬೇಕು. ದುಡಿಯುವ ಪ್ರತಿಯೊಬ್ಬ ಕೈದಿಯ ತೂಕವನ್ನು ಹದಿನೈದು ದಿನಕ್ಕೊಮ್ಮೆಯಾದರೂ ಅವನ ಚೀಟಿಯಲ್ಲಿ ಬರೆಯಿಸುವುದು ವೈದ್ಯಾಧಿಕಾರಿಯ ಕೆಲಸ. ಯಾವ ಕೆಲಸದಿಂದ ಅವನ ಆರೋಗ್ಯ ಕೆಡುತ್ತಿದೆಯೆಂದು ವೈದ್ಯರಿಗೆ ತೋರುವುದೋ ಆ ಕೆಲಸ ನಿಲ್ಲಿಸಿ ಬೇರೆಯದನ್ನು ಕೊಡಬೇಕು. ನಮ್ಮ ರಾಜ್ಯಕ್ಕೆ 1963ರಲ್ಲಿ ತನ್ನದೇ ಆದ ಬಂದೀಖಾನೆ ಕಾಯಿದೆ ಬಂತು, 1974ರಲ್ಲಿ ನಿಯಮಗಳು ಬಂದವು. ಅವುಗಳ ಎರಕವೂ ಬಹುಮಟ್ಟಿಗೆ ಹಳೆಯ ಕಾಯಿದೆಯದೇ.

ಇನ್ನು ಕೂಲಿಯ ಪ್ರಶ್ನೆ. ನಮ್ಮ ಸಂವಿಧಾನದ 23ನೆಯ ಅನುಚ್ಛೇದ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ. ಹಾಗಾದರೆ ಕೈದಿಯ ದುಡಿಮೆ ಬಲವಂತದ್ದಲ್ಲವೆ? ಅದಕ್ಕೆ ಏನೂ ಕೊಡದಿದ್ದರೆ ಅದು ಬಿಟ್ಟಿಯಾಗಲಿಲ್ಲವೆ? ಈ ಪ್ರಶ್ನೆ ಎಂಬತ್ತರ ದಶಕದಲ್ಲಿ ಕೇರಳ ಮುಂತಾದ ರಾಜ್ಯಗಳ ಉಚ್ಚ ನ್ಯಾಯಾಲಯಗಳ ಮುಂದೆ ಬಂದಿತು. ಆಗ ಅನೇಕ ಕಡೆ ಕೈದಿಗೆ ಸಿಗುತ್ತಿದ್ದುದು ಬೀಡಿಗೂ ಸಾಲದ ಚಿಲ್ಲರೆ. ಕೊನೆಗೆ ಗುಜರಾತಿನ ಮೊಕದ್ದಮೆಯಲ್ಲಿ 1998ರ ಸೆಪ್ಟೆಂಬರ್ 24ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು.

ಆ ತೀರ್ಪಿನ ಸಾರವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಕಠಿಣ ಶಿಕ್ಷೆಯಾದವನಿಂದ ಅವನು ಒಪ್ಪಲಿ ಬಿಡಲಿ ಕೆಲಸ ಮಾಡಿಸುವುದು ಕಾನೂನಿಗೆ ಸಮ್ಮತ. ಆದರೆ ಆ ಕೆಲಸಕ್ಕೆ ನ್ಯಾಯವಾದ ಕೂಲಿ ಕೊಡಲೇಬೇಕು. ಕೂಲಿ ಎಷ್ಟೆಂದು ನಿರ್ಧರಿಸಲು ಪ್ರತಿ ರಾಜ್ಯವೂ ಒಂದು ಮಂಡಲಿಯನ್ನು ನೇಮಿಸಬೇಕು. ಕೈದಿಯ ಊಟ ಬಟ್ಟೆಗಳ ಖರ್ಚನ್ನು ಆ ಲೆಕ್ಕದಲ್ಲಿ ಹಿಡಿಯಬಹುದು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಕೂಲಿಯ ಒಂದು ಪಾಲನ್ನು ತೆಗೆದಿರಿಸಿ, ಅಪರಾಧದಿಂದ ನೊಂದವರಲ್ಲಿ ಅರ್ಹರಾದವರಿಗೆ ಪರಿಹಾರವಾಗಿ ಕೊಡುವಂತೆ ರಾಜ್ಯಗಳು ಕಾನೂನು ಮಾಡಬೇಕು.

ನಮ್ಮ ರಾಜ್ಯದಲ್ಲಿ 2023ರ ಆರಂಭದಲ್ಲಿ ಕೈದಿಗಳ ಕೂಲಿಯನ್ನು ಹೆಚ್ಚುಕಡಿಮೆ ಮೂರು ಪಟ್ಟು ಏರಿಸಲಾಯಿತು. ಕೆಲಸಕ್ಕೆ ಹೊಸಬನಾದವನಿಗೂ ದಿನಕ್ಕೆ ಐನೂರು ರೂಪಾಯಿಯ ಮೇಲೆ, ನುರಿತವನಿಗೆ ಆರುನೂರರ ಮೇಲೆ ಬರುವಂತಾಯಿತು. ನೇಯ್ಗೆ, ಬಡಗಿ ಕೆಲಸ, ಹೊಲಿಗೆ, ಬೇಕರಿ, ತೋಟಗಾರಿಕೆ, ಅಡಿಗೆ ಇವೆಲ್ಲ ಒಳಗಿನ ಉದ್ಯೋಗಗಳು. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದ ಬಯಲು ಬಂದೀಖಾನೆಯಲ್ಲಿ ಎತ್ತರದ ಗೋಡೆಗಳ ಬದಲು ಹೊಲಗಳೇ ಇವೆ. ನಂಬಿಕೆ ಗಳಿಸಿದವರು ಅಲ್ಲಿ ಬೇಸಾಯ ಮಾಡುತ್ತಾರೆ. ಕೂಲಿ ಕೈದಿಯ ಹೆಸರಿಗೆ ಜಮೆಯಾಗುತ್ತದೆ, ಅದರಲ್ಲಿ ಮನೆಗೂ ಕಳಿಸಬಹುದು. ಮುದುಕಿಯ ಪಾಸ್‌ಬುಕ್ಕಿನಲ್ಲಿ ಇದ್ದುದು ಆ ಹಣವೇ.

ಹೊಸ ಸಂಹಿತೆಯಲ್ಲಿ ‘ಸಮುದಾಯ ಸೇವೆ’ ಎಂಬ ಶಿಕ್ಷೆಯೊಂದು ಹೊಸದಾಗಿ ಸೇರಿದೆ. ಮೊದಲ ಬಾರಿಗೆ ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಹಿಂದಿರುಗಿಸಿದವನು, ಕುಡಿದು ಬೀದಿಯಲ್ಲಿ ದಾಂಧಲೆ ಮಾಡಿದವನು ಇಂಥವರಿಗೆ ಸೆರೆಯ ಬದಲು ಊರಿಗೆ ಉಪಯೋಗವಾಗುವ ಕೆಲಸವನ್ನು ನ್ಯಾಯಾಲಯ ವಿಧಿಸಬಹುದು. ಇದಕ್ಕೆ ಕೂಲಿಯಿಲ್ಲ. ಯಾಕೆಂದರೆ ಅವನು ಸೆರೆಯಲ್ಲಿಲ್ಲ. ಮನೆಯಲ್ಲಿ ಉಂಡು, ತನ್ನ ದುಡಿಮೆ ತಾನು ನೋಡಿಕೊಂಡು, ಮೇಲೆ ಈ ಸೇವೆಯನ್ನು ಸಲ್ಲಿಸುತ್ತಾನೆ. ಹಳೆಯ ದಂಡಪ್ರತಿಕರ್ತೃವಿನ ನೆನಪು ಇಲ್ಲಿ ಬಾರದಿರದು.

ಕೂಲಿಯ ಹೊರತಾಗಿ ಕೈದಿಗೆ ಇನ್ನಾವ ಹಕ್ಕುಗಳಿವೆ? ಸೆರೆಮನೆಯ ಬಾಗಿಲು ದಾಟಿದ ಮಾತ್ರಕ್ಕೆ ಮನುಷ್ಯನ ಮೂಲಭೂತ ಹಕ್ಕುಗಳೆಲ್ಲ ಕಳಚಿ ಬೀಳುವುದಿಲ್ಲ, ಸೆರೆವಾಸಕ್ಕೆ ಅನಿವಾರ್ಯವಾದಷ್ಟು ಮಾತ್ರ ಕಡಿಮೆಯಾಗುತ್ತವೆ ಎಂಬುದು ನ್ಯಾಯಾಲಯಗಳು ಹಾಕಿಕೊಟ್ಟ ತತ್ತ್ವ. 1965ರಲ್ಲಿ ಮುಂಬಯಿಯ ಸೆರೆಯಲ್ಲಿದ್ದ ಒಬ್ಬ ಸ್ಥಾನಬದ್ಧ ಲೇಖಕರು ಪರಮಾಣುವಿನ ಅಂತರಂಗವನ್ನು ಕುರಿತು ಮರಾಠಿಯಲ್ಲಿ ಪುಸ್ತಕ ಬರೆದರು. ಅದನ್ನು ಅಚ್ಚಿಗೆ ಕಳಿಸಲು ಸರ್ಕಾರ ಒಪ್ಪಲಿಲ್ಲ. ಸೆರೆಯ ಶರತ್ತುಗಳಲ್ಲಿ ಬರೆಯಬಾರದು, ಅಚ್ಚು ಮಾಡಿಸಬಾರದು ಎಂದು ಇಲ್ಲವಲ್ಲ, ಕಳಿಸಿರಿ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು.

ಧಾರವಾಡಕ್ಕೆ ಸಂಬಂಧಿಸಿದ ಇನ್ನೊಂದು ಮೊಕದ್ದಮೆ ಸ್ವಾರಸ್ಯಕರವಾಗಿದೆ. ಪರರಾಜ್ಯದ ಒಬ್ಬ ಅಧ್ಯಾಪಕನು ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಸುಳ್ಳು ಮುದ್ರೆ ಮಾಡಿಸಿ ಹುಸಿ ಪದವಿಪತ್ರ ತಯಾರಿಸಲು ಹೊರಟು ಸಿಕ್ಕಿಬಿದ್ದ. ಅಪರಾಧವಂತೂ ವಿದ್ಯೆಗೇ ಬಗೆದ ದ್ರೋಹ. ಆದರೂ ತನ್ನ ತೀರ್ಪಿನ ಪ್ರತಿ ಕಾಲಕ್ಕೆ ಸರಿಯಾಗಿ ಕೈಗೆ ಬರಲಿಲ್ಲವೆಂದು ಅವನು ಹೇಳಿಕೊಂಡಾಗ, 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದ ಎಲ್ಲ ಕೈದಿಗಳಿಗೂ ಅನ್ವಯಿಸುವ ಮಾತು ಹೇಳಿತು: ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ತಡಮಾಡದೆ ಉಚಿತವಾಗಿ ಕೊಡಬೇಕು, ಮೇಲ್ಮನವಿಗೆ ವಕೀಲರನ್ನು ಇಟ್ಟುಕೊಳ್ಳಲಾರದ ಬಡವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಒದಗಿಸಬೇಕು. 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಬಂಧನದಲ್ಲಿರುವ ಯಾವನೂ ಉಚಿತ ಕಾನೂನು ನೆರವಿಗೆ ಅರ್ಹ. ಪ್ರತಿ ಜಿಲ್ಲೆಯಲ್ಲಿಯೂ ಇದಕ್ಕೆ ಪ್ರಾಧಿಕಾರವಿದೆ.

ಅದೇ 1978ರಲ್ಲಿ ದೆಹಲಿಯ ತಿಹಾರ್ ಸೆರೆಮನೆಯ ಮೊಕದ್ದಮೆಯಲ್ಲಿ, ಅಧಿಕಾರಿಗಳು ಮನಬಂದಂತೆ ಏಕಾಂತವಾಸದಲ್ಲಿಡುವುದಕ್ಕೂ ಕಾಲಿಗೆ ಬೇಡಿ ತೊಡಿಸುವುದಕ್ಕೂ ನ್ಯಾಯಾಲಯ ಕಡಿವಾಣ ಹಾಕಿತು. ಮರುವರ್ಷ, ಜೊತೆಯ ಕೈದಿಯೊಬ್ಬನಿಗೆ ಆದ ಹಿಂಸೆಯನ್ನು ತಿಳಿಸಿ ಇನ್ನೊಬ್ಬ ಕೈದಿ ಬರೆದ ಬರಿಯ ಕಾಗದವನ್ನೇ ಅರ್ಜಿಯೆಂದು ಎಣಿಸಿ ವಿಚಾರಣೆ ನಡೆಸಿತು. ಒಂದು ಕಾಗದಕ್ಕೆ ಎಷ್ಟು ಶಕ್ತಿ ನೋಡಿರಿ!

ಎಲ್ಲಕ್ಕಿಂತ ಈಚಿನದು 2024ರ ಅಕ್ಟೋಬರ್ 3ರ ತೀರ್ಪು. ಹಲವು ರಾಜ್ಯಗಳ ಬಂದೀಖಾನೆ ಕೈಪಿಡಿಗಳಲ್ಲಿ ಕಸಗುಡಿಸುವ, ಕಕ್ಕಸು ತೊಳೆಯುವ ಕೆಲಸ ಇಂಥ ಜಾತಿಯವನಿಗೆ, ಅಡಿಗೆಯ ಕೆಲಸ ಇಂಥ ಜಾತಿಯವನಿಗೆ ಎಂಬ ಹಳೆಯ ವಿಂಗಡಣೆ ಉಳಿದುಕೊಂಡಿತ್ತು. ಪತ್ರಕರ್ತೆಯೊಬ್ಬರು ಅದನ್ನು ಹುಡುಕಿ ತೆಗೆದು ನ್ಯಾಯಾಲಯದ ಮುಂದಿಟ್ಟರು. ಅಂಥ ನಿಯಮಗಳೆಲ್ಲ ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಕೈದಿಗಳ ದಾಖಲೆ ಪುಸ್ತಕಗಳಲ್ಲಿ ಜಾತಿಯ ಕಲಮನ್ನೇ ಅಳಿಸಬೇಕೆಂದಿತು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಾರಿದ ಶರಣರ ನಾಡು ನಮ್ಮದು. ದೋಣಿ ನಡೆಸುವ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಚೌಡಯ್ಯದಾನಪುರ ನಮ್ಮ ರಾಣೆಬೆನ್ನೂರು ತಾಲ್ಲೂಕಿನಲ್ಲಿಯೇ ಇದೆ. ಎಂಟುನೂರು ವರ್ಷದ ಹಿಂದೆ ಹೇಳಿದ ಮಾತು ಸೆರೆಮನೆಯ ಕೈಪಿಡಿಗೆ ಸೇರಲು 2024ರ ವರೆಗೆ ಕಾಯಬೇಕಾಯಿತು.

ಹಕ್ಕು ಇದ್ದಲ್ಲಿ ಕರ್ತವ್ಯವೂ ಇರುತ್ತದೆ. ಕಠಿಣ ಶಿಕ್ಷೆಯವನು ಕೊಟ್ಟ ಕೆಲಸ ಮಾಡಬೇಕು. ಹಟಮಾಡಿ ಕೆಲಸ ನಿರಾಕರಿಸುವುದು, ಬೇಕೆಂದೇ ಸೋಮಾರಿತನ ಮಾಡುವುದು, ಕೆಲಸ ಕೆಡಿಸುವುದು, ದುಡಿಯಲಾರದಂತೆ ತನ್ನ ಮೈಯನ್ನು ತಾನೇ ಘಾಸಿಮಾಡಿಕೊಳ್ಳುವುದು, ಕಾಯಿಲೆಯ ಸೋಗು ಹಾಕುವುದು ಇವೆಲ್ಲ ಬಂದೀಖಾನೆಯ ಅಪರಾಧಗಳು. ಎಚ್ಚರಿಕೆ, ಸೌಲಭ್ಯಗಳ ಕಡಿತ, ಸನ್ನಡತೆಗೆ ಸಿಗುವ ಶಿಕ್ಷಾ ರಿಯಾಯಿತಿಯ ನಷ್ಟ ಇತ್ಯಾದಿ ದಂಡಗಳುಂಟು. ಆ ದಂಡವನ್ನು ಸಹ ಅಧಿಕಾರಿ ಪುಸ್ತಕದಲ್ಲಿ ಬರೆದೇ ವಿಧಿಸಬೇಕು. ಹೊಡೆದಾಡಬಾರದು, ನಿಷೇಧಿತ ವಸ್ತು ಇಟ್ಟುಕೊಳ್ಳಬಾರದು, ತಪ್ಪಿಸಿಕೊಂಡು ಹೋಗಬಾರದು. ಮನೆಯಲ್ಲಿ ಸಾವು ನೋವು ಸಂಭವಿಸಿದಾಗ ಪೆರೋಲಿನ ಮೇಲೆ ಬಿಟ್ಟರೆ, ಗಡುವಿಗೆ ಸರಿಯಾಗಿ ತಾನೇ ಹಿಂದಿರುಗಬೇಕು. ಕೆಲವು ಹಕ್ಕುಗಳು ಇಲ್ಲವೇ ಇಲ್ಲ. ಒಳಗಿರುವವರೆಗೆ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ.

ಇಷ್ಟನ್ನೂ ಒಂದು ದಿನ ಶಾಲೆಯ ಸಹೋದ್ಯೋಗಿಗಳ ಮುಂದೆ ಹೇಳಿದಾಗ ಒಬ್ಬರು ಸಿಟ್ಟಾದರು. “ಬ್ಯಾಡಗಿ ಪೇಟೆಯೊಳಗ ದಿನಾಪೂರ್ತಿ ಮೆಣಸಿನಕಾಯಿ ತೊಟ್ಟು ಬಿಡಿಸಿ, ಘಾಟಿಗೆ ಕೆಮ್ಮಿ ಕೆಮ್ಮಿ ಸಾಯೋ ಹೆಣ್ಣಮಕ್ಕಳಿಗೆ ಅಷ್ಟು ಕೂಲಿ ಕೊಡ್ತಾರೇನ್ರೀ ಪಂಡಿತರ? ಕೊಲೆ ಮಾಡಿದಾಂವಗ ಯಾಕ?” ಎಂದರು. ಅವರ ಸಿಟ್ಟು ಸುಳ್ಳಲ್ಲ. ಆದರೆ ಯೋಚಿಸಿ ನೋಡಿದರೆ, ಆ ಹೆಣ್ಣುಮಗಳ ಕೂಲಿ ಕಡಿಮೆಯಾಗಿದ್ದರೆ ಅದನ್ನು ಏರಿಸಬೇಕು. ಕೈದಿಯ ಕೂಲಿ ಇಳಿಸುವುದರಿಂದ ಆಕೆಗೆ ಒಂದು ಕಾಸೂ ಹೆಚ್ಚು ಬಾರದು. ಬದಲಾಗಿ ನಷ್ಟವೇ ಆದೀತು. ಸೆರೆಮನೆಯಲ್ಲಿ ಒಂದು ರೂಪಾಯಿ ಕೂಲಿಗೆ ಚಾದರ ನೇಯಿಸಿ ಪೇಟೆಗೆ ಬಿಟ್ಟರೆ, ಹೊರಗಿನ ನೇಕಾರನ ಮಗ್ಗ ನಿಲ್ಲುತ್ತದೆ. ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿಯನ್ನು ಅಳಿಸಿದ ತಿದ್ದುಪಡಿ ಶಿಕ್ಷೆಯಾದವರನ್ನು ಮಾತ್ರ ಹೊರಗಿಟ್ಟಿತು. ದಕ್ಷಿಣದ ರಾಜ್ಯಗಳು ಕೈದಿಗಳನ್ನು ತೋಟಗಳಿಗೂ ಗಣಿಗಳಿಗೂ ಬಾಡಿಗೆಗೆ ಕೊಟ್ಟು ಹಣ ಮಾಡಿದವು. ಗುಲಾಮಗಿರಿ ಹಿಂಬಾಗಿಲಿನಿಂದ ಮತ್ತೆ ಬಂತು. ಆದುದರಿಂದಲೇ 1930ರ ಅಂತರರಾಷ್ಟ್ರೀಯ ಕಾರ್ಮಿಕ ಒಪ್ಪಂದ ಕೈದಿಯ ದುಡಿಮೆಗೆ ಮೂರು ಶರತ್ತು ಹಾಕಿತು: ನ್ಯಾಯಾಲಯದ ಶಿಕ್ಷೆಯಿಂದ ಬಂದುದಾಗಿರಬೇಕು, ಸರ್ಕಾರದ ಮೇಲ್ವಿಚಾರಣೆಯಲ್ಲಿಯೇ ನಡೆಯಬೇಕು, ಖಾಸಗಿಯವರ ವಶಕ್ಕೆ ಕೈದಿಯನ್ನು ಕೊಡಕೂಡದು. ಭಾರತ ಅದನ್ನು 1954ರಲ್ಲಿ ಅನುಮೋದಿಸಿತು.

ಇನ್ನೊಂದು ಮಾತು. ಹತ್ತು ವರ್ಷ ಕಳೆದು ಆ ಹುಡುಗ ಹೊಸರಿತ್ತಿಯ ಬಸ್ ನಿಲ್ದಾಣದಲ್ಲಿ ಇಳಿಯುವ ದಿನ ಬಂದೇ ಬರುತ್ತದೆ. ಅಂದು ಅವನ ಕೈಯಲ್ಲಿ ಒಂದು ಕಸುಬು, ಖಾತೆಯಲ್ಲಿ ನಾಲ್ಕು ಕಾಸು ಇರಬೇಕೋ, ಬರಿಗೈಯೂ ಹಳೆಯ ಹಗೆಯೂ ಇರಬೇಕೋ? ಇದು ಅವನೊಬ್ಬನ ಪ್ರಶ್ನೆಯಲ್ಲ, ಊರಿನ ಪ್ರಶ್ನೆ.

ಹಾಗಾದರೆ ಸತ್ತವನ ಹೆಂಡತಿಯ ಮಾತೇನು? ಆಕೆಯನ್ನು ಮರೆತು ಕೈದಿಯ ಹಕ್ಕನ್ನು ಮಾತ್ರ ಹೇಳುವುದು ಅರ್ಧ ನ್ಯಾಯ. 1998ರ ತೀರ್ಪು ಕೂಲಿಯಲ್ಲಿ ನೊಂದವರ ಪಾಲನ್ನು ಸುಮ್ಮನೆ ಹೇಳಲಿಲ್ಲ. ಅದಲ್ಲದೆ 2009ರಿಂದ ಅಪರಾಧಕ್ಕೆ ಬಲಿಯಾದವರಿಗೂ ಅವರ ಅವಲಂಬಿತರಿಗೂ ಸರ್ಕಾರದಿಂದಲೇ ಪರಿಹಾರ ಕೊಡುವ ಯೋಜನೆಗೆ ಕಾನೂನಿನಲ್ಲಿ ಜಾಗವಾಗಿದೆ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಪ್ರಕರಣದಲ್ಲಿ ಅದು ಮುಂದುವರಿದಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಇದು ನಡೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಇದನ್ನು ಬಲ್ಲವರು ಎಷ್ಟು ಜನ? ಕೊಲೆಯ ಸುದ್ದಿಯನ್ನು ಮೂರು ವರ್ಷ ಮಾತಾಡುತ್ತೇವೆ, ಆ ಮನೆಯವರಿಗೆ ಸಲ್ಲಬೇಕಾದ ಒಂದು ಅರ್ಜಿಯನ್ನು ಬರೆದುಕೊಡುವುದಿಲ್ಲ.

ಮುದುಕಿಗೆ ನಾನು ಹೇಳಿದ್ದು ಇಷ್ಟೆ: “ಯವ್ವಾ, ಇದು ದಾನ ಅಲ್ಲ, ಲಂಚ ಅಲ್ಲ, ಬಿಟ್ಟಿನೂ ಅಲ್ಲ. ನಿನ್ನ ಮಗ ಮಗ್ಗದಾಗ ಕುಂತು ಬೆವರು ಸುರಿಸಿ ಗಳಿಸಿದ್ದು. ಯಾರೂ ತಿರುಗಿ ಕೇಳೂದಿಲ್ಲ. ಜ್ವಾಳ ತಗೊಂಡು ಬಾ.” ಆಕೆ ಪಾಸ್‌ಬುಕ್ಕನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡಳು. ಹೊರಡುವ ಮುನ್ನ, “ಆಕಿದೂ ಏನರ ಇದ್ರ ನೋಡ್ರಿ ಮಾಸ್ತರ. ನಾ ಹೇಳಿದ್ದು ಅಂತ ಹೇಳಬ್ಯಾಡ್ರಿ” ಎಂದಳು.

ಮುಂದಿನ ಸೋಮವಾರ ಒಂದು ರಜೆ ಹಾಕಿ, ಆ ಹೆಣ್ಣುಮಗಳನ್ನೂ ಆಕೆಯ ಅಣ್ಣನನ್ನೂ ಕರೆದುಕೊಂಡು ಹಾವೇರಿಗೆ ಹೋಗಿ ಪ್ರಾಧಿಕಾರದ ಕಚೇರಿಯಲ್ಲಿ ಅರ್ಜಿ ಕೊಡಿಸಿ ಬಂದೆ. ಅರ್ಜಿ ಬರೆಯುವುದಕ್ಕೆ ವ್ಯಾಕರಣ ಬಲ್ಲ ಮಾಸ್ತರನೇ ಬೇಕೆಂದಿಲ್ಲ. ರೇಡಿಯೋ ಕೇಳುವ, ನಾಲ್ಕಕ್ಷರ ಬಲ್ಲ ಯಾವ ಮನೆಯವರೂ ನೆರೆಯವರಿಗೆ ಇಷ್ಟು ಸಹಾಯ ಮಾಡಬಹುದು.